ಆಕಾಶದ ಬಾಯಾರಿಕೆ, ಅರ್ಧ ಮೀಸೆ

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಮುದುಕನಿಗೆ ಅರಳುಮರಳು, ಹೋದ ಸಲ ಎಡಗಡೆಯ ಮೀಸೆ ಹೋಯಿತು ಅಂದಿದ್ದ, ಈ ಸಲ ಬಲಗಡೆಯದು ಅನ್ನುತ್ತಾನೆ ಎಂದು ಹಿಂದಿನಿಂದ ಕಿಸಿಕಿಸಿ ನಗುವವರೆಲ್ಲ ಕಿವಿ ತೊಳೆದುಕೊಂಡು ಕೇಳಿ. ಹೋದದ್ದು ಬಲಗಡೆಯದು. ಎದುರಿಗೆ ನಿಂತು ನೋಡಿದವರಿಗೆ ಎಡ, ಮುಖ ಹೊತ್ತವನಿಗೆ ಬಲ. ಇಷ್ಟು ಲೆಕ್ಕ ಬರದವರು ನನ್ನ ನೆನಪನ್ನು ಅಳೆಯಲು ಬಂದಿದ್ದಾರೆ! ಕನ್ನಡಕ ತಲೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ಪೈಕಿ ನೀವು. ಸುಮ್ಮನೆ ಕೇಳಿ. ಈ ಫೋನಿನ ಗುಂಡಿ ಒತ್ತಿ ಹಿಡಿದು ನನ್ನ ಹೆಬ್ಬೆರಳು ಈಗಲೇ ಜೋಮು ಹಿಡಿಯುತ್ತಿದೆ.

ಇದು ಆವಿ ಸಾಹೇಬನ ಕಥೆ. ಆ ಹೆಸರಿಟ್ಟದ್ದು ಬೀದಿಯವರು. ಅವನು ಸಾಹೇಬನೇನೂ ಅಲ್ಲ. ಅಂತರ್ಜಲ ಕಚೇರಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದು ಕಾಲು ಕುಂಟುವ ಮೇಜಿನ ಮುಂದೆ ಕೂತು ಲೆಕ್ಕ ಹಾಕುವವನು. ಏನು ಲೆಕ್ಕ? ಮಳೆ ಬರುತ್ತದೆ. ಬಿದ್ದ ನೀರೆಲ್ಲ ನೆಲದೊಳಗೆ ಇಳಿಯುವುದಿಲ್ಲ. ಒಂದಿಷ್ಟು ಹರಿದು ಹೋಗುತ್ತದೆ. ಇನ್ನೊಂದಿಷ್ಟನ್ನು ಆಕಾಶ ವಾಪಸ್ ಕಿತ್ತುಕೊಳ್ಳುತ್ತದೆ. ಮಣ್ಣಿನಿಂದ, ಗಿಡಮರಗಳ ಎಲೆಯಿಂದ ಆವಿಯಾಗಿ ನೀರು ಮೇಲೆ ಹೋಗುತ್ತದೆ. ಉಡುಗೊರೆ ಕೊಟ್ಟು ಮರುದಿನ ಬಂದು ಅರ್ಧ ವಾಪಸ್ ಕೇಳುವ ನೆಂಟನ ಹಾಗೆ. ಹೀಗೆ ಹೋದ ನೀರು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಬಿಸಿಲೆಷ್ಟು, ಸೆಕೆಯೆಷ್ಟು, ಗಾಳಿಯ ವೇಗವೆಷ್ಟು, ಗಾಳಿಯಲ್ಲಿ ತೇವವೆಷ್ಟು, ಈ ನಾಲ್ಕನ್ನು ಅಳೆದು ಸೂತ್ರಕ್ಕೆ ಹಾಕಿದರೆ, ಇವತ್ತು ಆಕಾಶ ಇಷ್ಟು ಮಿಲಿಮೀಟರ್ ನೀರು ಕುಡಿಯಿತು ಎಂದು ಉತ್ತರ ಬರುತ್ತದೆ. ಆ ಉತ್ತರ ಕಂಪ್ಯೂಟರಿನೊಳಗಿನ ಊರಿನ ನಕ್ಷೆಗೆ ಹೋಗುತ್ತದೆ. ನೆಲದಡಿ ನೀರಿದ್ದ ಕಡೆ ನಕ್ಷೆ ನೀಲಿ, ಬತ್ತುವ ಕಡೆ ಕೆಂಪು.

ಕೆಲಸ ದೊಡ್ಡದೇ. ಆದರೆ ಅದನ್ನು ಅತ್ತೆಗೆ ವಿವರಿಸುವುದು ಹೇಗೆ?

ಹೆಂಡತಿಯ ತಾಯಿ ಅವನ ಮನೆಯಲ್ಲೇ ಇದ್ದರು. ಅವರ ಇನ್ನೊಬ್ಬ ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಅತ್ತೆಗೆ ಅವನ ಮೇಲೆ ಬಹಳ ಅಭಿಮಾನ.

"ಅವನ ಕೆಲಸ ಕಣ್ಣಿಗೆ ಕಾಣುತ್ತೆ. ಜನ ಮೇಲೆ ಹೋಗ್ತಾರೆ, ಮತ್ತೆ ಕೆಳಗೆ ಬರ್ತಾರೆ. ನಿಮ್ಮದು ಬರೀ ಮೇಲೆ ಹೋಗೋದೇ ಆಯ್ತಲ್ಲ, ಅಳಿಯಂದ್ರೇ?"

ಈ ಮಾತು ಎದೆಗೆ ನಾಟಿಕೊಂಡು ಕೂತಿತ್ತು. ಅಷ್ಟರಲ್ಲಿ ಕಚೇರಿಯ ಅಂಗಳದಲ್ಲಿ ಕಾರು ನಿಲ್ಲಿಸಲು ಶೆಡ್ ಹಾಕುವುದಾಗಿ ತೀರ್ಮಾನವಾಯಿತು. ಹವಾಮಾನ ಅಳೆಯುವ ಯಂತ್ರ ನಿಂತಿದ್ದದ್ದು ಅದೇ ಅಂಗಳದಲ್ಲಿ: ಒಂದು ಕಂಬ, ತುದಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ಮೂರು ಬಟ್ಟಲು, ಕೆಳಗೆ ಸೆಕೆ ಮತ್ತು ತೇವ ಅಳೆಯುವ ಬಿಳಿ ಗೂಡು. ಊರಿಗೆಲ್ಲ ಇರುವುದು ಅದೊಂದೇ.

"ಎಲ್ಲಾದ್ರೂ ಸಾಗಿಸ್ರೀ ಇದನ್ನ," ಅಂದರು ದೊಡ್ಡ ಸಾಹೇಬರು.

"ಸಾರ್, ನಮ್ಮನೆ ತಾರಸಿ ಇದೆ," ಅಂದುಬಿಟ್ಟ ಇವನು.

ಯಂತ್ರ ಬಂತು. ಸರ್ಕಾರಿ ಜೀಪಿನಲ್ಲಿ, ಹಗ್ಗ ಕಟ್ಟಿಸಿಕೊಂಡು, ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿಸಿದರು. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಅತ್ತೆ ಮೊದಲ ಸಲ ಅಳಿಯನಿಗೆ ಕೇಳದೇ ಕಾಫಿ ಕೊಟ್ಟರು.

ಇಲ್ಲೊಂದು ತೊಡಕಿತ್ತು. ಆ ಯಂತ್ರ ಬಯಲಲ್ಲಿರಬೇಕು, ಗೋಡೆಯಿಂದ ದೂರವಿರಬೇಕು, ಕೆಳಗೆ ಹಸಿರು ಹುಲ್ಲಿರಬೇಕು ಎಂದು ನಿಯಮ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಈ ನಿಯಮ ಬಾಯಿಪಾಠ ಮಾಡಿಸುತ್ತಿದ್ದವನು ಆವಿ ಸಾಹೇಬನೇ. ನಿಯಮ ಮುರಿಯುವ ಜಾತಿಯವನಲ್ಲ ಅವನು. ಸಂಜೆ ಅಂಗಡಿಗೆ ಹೋಗಿ ಹಸಿರು ಪ್ಲಾಸ್ಟಿಕ್ ಹುಲ್ಲಿನ ಒಂದು ಚಾಪೆ ತಂದು ಕಂಬದ ಕೆಳಗೆ ಹಾಸಿದ. ಅತ್ತೆ ಅದರ ಮೇಲೆ ಕಾಲೊರೆಸಿಕೊಂಡು, "ಅನುಕೂಲ ಆಯ್ತು," ಅಂದರು.

ಅವತ್ತು ಊಟಕ್ಕೆ ಕೂತಾಗ ಅವನು, ಯಂತ್ರ ಫೋನಿಗೆ ಕಳಿಸಿದ ಅಂಕಿ ನೋಡಿ, ಗಂಟಲು ಸರಿಮಾಡಿಕೊಂಡು ಘೋಷಿಸಿದ: "ಇವತ್ತು ಆಕಾಶ ಐದು ಮಿಲಿಮೀಟರ್ ಕುಡಿದಿದೆ."

ಯಾರೂ ತಲೆಯೆತ್ತಲಿಲ್ಲ.

"ಐದು ಅಂದ್ರೆ ಕಮ್ಮಿಯಲ್ಲ. ನಮ್ಮ ತಾರಸಿಯಷ್ಟು ಅಗಲ ಹುಲ್ಲಿದ್ರೆ, ದಿನಕ್ಕೆ ಮೂವತ್ತು ಬಕೆಟ್ ನೀರು!"

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಮೂವತ್ತು ಬಕೆಟ್? ನಮ್ಮ ತಾರಸಿಯಿಂದ? ಮತ್ತೆ ನೀವು ಉಣ್ತಾ ಕೂತಿದೀರಾ?"

"ಹುಲ್ಲಿದ್ರೆ ಅಂದೆ, ಅತ್ತೆ."

"ನೀವೇ ಹಾಸಿದ್ರಲ್ಲ ಹುಲ್ಲು!" ಅಂದವರೇ ಮುಂಗೈ ಚರ್ಮ ಎಳೆದು ನೋಡಿಕೊಂಡರು. "ಹಾಗಾದ್ರೆ ನಮ್ಮ ಮೈಯಿಂದಲೂ ಹೀರುತ್ತಾ ಅದು?"

ಇಲ್ಲ ಅನ್ನಬಹುದಿತ್ತು. ಆದರೆ ಅತ್ತೆ ಜೀವನದಲ್ಲಿ ಮೊದಲ ಬಾರಿ ಅವನ ಮಾತನ್ನು ಕಣ್ಣು ಬಿಟ್ಟು ಕೇಳುತ್ತಿದ್ದರು. "ಎಲ್ಲದರಿಂದಲೂ," ಅಂದ, ಬಹಳ ಗಂಭೀರವಾಗಿ.

ಬಾಗಿಲು ಮುಚ್ಚಿ ತಣ್ಣಗೆ ಕೂತರೆ ಆಕಾಶ ಹೀರಲಾರದು ಎಂದು ಅತ್ತೆ ಹಟ ಹಿಡಿದರು; ಮರುದಿನವೇ ಮನೆಗೆ ಎಸಿ ಬಂತು. ಮೆಕ್ಯಾನಿಕ್ ಅದರ ಹೊರಗಿನ ಡಬ್ಬ, ಅದೇ, ಒಳಗಿನ ಸೆಕೆಯನ್ನೆಲ್ಲ ಹೊರಕ್ಕೆ ಊದುವ ಫ್ಯಾನಿನ ಡಬ್ಬ, ಹೊತ್ತು ತಾರಸಿಗೆ ಹೋದ. ಯಂತ್ರದ ಪಕ್ಕದ ಗಿಡ್ಡ ಗೋಡೆ ತಟ್ಟಿ, "ಇಲ್ಲೇ ಕೂರಿಸೋಣ ಸಾರ್, ಗಾಳಿ ಚೆನ್ನಾಗಿ ಆಡುತ್ತೆ," ಅಂದ.

"ಕೂರಿಸಪ್ಪ," ಅಂದ ನಮ್ಮ ವಿಜ್ಞಾನಿ. "ನಮ್ಮ ಯಂತ್ರಕ್ಕೂ ಗಾಳಿ ಬೇಕು. ಒಂದಕ್ಕೊಂದು ಜೊತೆಯಾಗುತ್ತೆ."

ಜೊತೆಯಾಯಿತು. ಅವತ್ತು ಸಂಜೆ ಲೆಕ್ಕ ಎಂಟು ಮಿಲಿಮೀಟರ್ ಬಂತು.

"ಎಂಟು!" ಅತ್ತೆ ಚೀರಿದರು. "ಎಸಿ ಜಾಸ್ತಿ ಮಾಡಿ, ಹಗಲೆಲ್ಲ ಇರಲಿ!"

ಮರುದಿನ ಹತ್ತು.

ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬಂದು ಕೈ ಹಿಡಿದುಕೊಂಡರು. "ಸಾಹೇಬ್ರೇ, ಈಗ ಅರ್ಥ ಆಯ್ತು. ಅದಕ್ಕೇ ನನ್ನ ಪೇಷಂಟ್‌ಗಳು ಕುರ್ಚಿಯಲ್ಲಿ ಕೂತ ತಕ್ಷಣ ಬಾಯಿ ಒಣಗುತ್ತೆ ಅಂತಾರೆ!"

ಡಾಕ್ಟರೂ ಎಸಿ ಹಾಕಿಸಿದರು, ಮೇಲಿನ ಮನೆಗೊಂದು, ಕೆಳಗಿನ ಕ್ಲಿನಿಕ್ಕಿಗೊಂದು. ಎರಡು ಮನೆಗೂ ನಡುವೆ ಇದ್ದದ್ದು ಅದೇ ಗಿಡ್ಡ ಗೋಡೆ. ಎರಡು ಡಬ್ಬಗಳೂ ಅದರ ಮೇಲೇ ಕೂತವು, ಯಂತ್ರಕ್ಕೆ ಮುಖ ಮಾಡಿ, ಭಜನೆಗೆ ಕೂತವರ ಹಾಗೆ. ಲೆಕ್ಕ ಹದಿಮೂರಾಯಿತು. ಬೀದಿಯ ಉಳಿದವರೂ ಗಾಬರಿಬಿದ್ದು ತಮ್ಮ ತಮ್ಮ ಮನೆಗೆ ಎಸಿ ತರಿಸಿದರು.

ಅವನಿಗೆ ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು. ಮೂರು ಸಲ ಲೆಕ್ಕ ಮತ್ತೆ ಹಾಕಿದ. ಸೂತ್ರ ಸರಿ, ಗುಣಿಸಿದ್ದು ಸರಿ, ಭಾಗಿಸಿದ್ದು ಸರಿ. ಲೆಕ್ಕ ಸರಿಯಿದ್ದ ಮೇಲೆ ತಾರಸಿ ಹತ್ತಿ ನೋಡುವ ದರ್ದು ಯಾರಿಗಿದೆ? ಅಲ್ಲದೆ, ಬೀದಿಯಲ್ಲಿ ನಡೆದರೆ ಜನ ಎದ್ದು ನಿಲ್ಲುತ್ತಿದ್ದರು. ಅತ್ತೆ ಫೋನಿನಲ್ಲಿ ಲಿಫ್ಟ್ ಅಳಿಯನಿಗೆ, "ನಿನ್ನದೇನಪ್ಪಾ, ಹತ್ತು ಮಹಡಿ. ಇವರದು ಆಕಾಶದ ತನಕ," ಅನ್ನುತ್ತಿದ್ದರು. ಹೊಗಳಿಕೆ ಹೊಕ್ಕ ಕಿವಿಯಲ್ಲಿ ಅನುಮಾನಕ್ಕೆ ಜಾಗವೆಲ್ಲಿ?

ಇತ್ತ ಕಚೇರಿಯ ನಕ್ಷೆ ದಿನೇ ದಿನೇ ಕೆಂಪಾಗತೊಡಗಿತು. ಊರಿಗೆಲ್ಲ ಒಂದೇ ಯಂತ್ರ, ಆದ್ದರಿಂದ ಊರೆಲ್ಲ ಅದೇ ಹದಿಮೂರು. ಮುಂದಿನ ಬೇಸಿಗೆಗೆ ಊರಿನ ನೆಲದಡಿ ಒಂದು ಹನಿ ಇಲ್ಲ ಎಂದು ಕಂಪ್ಯೂಟರ್ ಭವಿಷ್ಯ ನುಡಿಯಿತು. ದೊಡ್ಡ ಸಾಹೇಬರು ಆವಿ ಸಾಹೇಬನನ್ನು ಒಳಗೆ ಕರೆಸಿ ಕುರ್ಚಿ ಕೊಟ್ಟರು. ಇಷ್ಟು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

"ಇಂಥ ನಂಬರ್ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಪೇಪರ್‌ನವರು ಬಾಗಿಲಲ್ಲಿ ನಿಂತಿದಾರೆ. ನಾವೀಗ ಏನಾದ್ರೂ ಮಾಡ್ಲೇಬೇಕು. ಹೇಳಿ, ನೀರನ್ನ ಮೇಲಕ್ಕೆ ಸಾಗಿಸೋರಲ್ಲಿ ಯಾರು ಮುಂದು?"

"ಮರ ಸಾರ್. ಬೇರಿಂದ ಎಳೆದು ಎಲೆಯಿಂದ ಬಿಡುತ್ತೆ," ಅಂದ ಇವನು, ಕುರ್ಚಿಯ ಮೆತ್ತೆಯ ಸುಖದಲ್ಲಿ.

"ಯಂತ್ರ ಇರೋ ಬೀದೀಲಿ ಮರ ಇದೆಯಾ?"

"ಒಂದಿದೆ ಸಾರ್. ಭಾರಿ ಮರ."

"ಸಿಕ್ಕಿಬಿದ್ದ ಕಳ್ಳ!" ಸಾಹೇಬರು ಮೇಜು ಗುದ್ದಿದರು. "ಕಡೀರಿ!"

ಇವನು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರು, "ಫೋಟೋದಲ್ಲಿ ನೀವೂ ಇರ್ಬೇಕು," ಅಂದರು. ಬಾಯಿ ಮುಚ್ಚಿಕೊಂಡ.

ಆ ಮರದ ಕೆಳಗೆ ಒಂದು ಕುರ್ಚಿಯಿತ್ತು. ಕಾಂಡಕ್ಕೆ ಹೊಡೆದ ಮೊಳೆಗೆ ಒಂದು ಕನ್ನಡಿ. ಅದು ಕತ್ತರಿಯ ಕ್ಷೌರದಂಗಡಿ. ಹೌದು, ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೈಗಿಂತ ನಾಲಿಗೆಯೇ ಹರಿತ. ಅವನಿಗೆ ಗೋಡೆ, ಚಾವಣಿ, ಬೋರ್ಡು ಎಲ್ಲವೂ ಆ ಮರವೇ. ಆವಿ ಸಾಹೇಬನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇವನಿಗೆ ಮೀಸೆ ಮೊಳೆತ ದಿನದಿಂದ ಅದಕ್ಕೆ ಕೈ ಹಾಕಿದ್ದು ಕತ್ತರಿಯೊಬ್ಬನೇ. ಮರ ಕಡಿಯುವ ವಿಷಯವನ್ನು ಅವನಿಗೆ ಹೇಗೆ ಹೇಳುವುದು ಎಂದು ಆವಿ ಸಾಹೇಬ ಎರಡು ದಿನ ಆ ದಾರಿ ಬಿಟ್ಟು ಸುತ್ತುಬಳಸಿ ಓಡಾಡಿದ. ಮೂರನೆಯ ದಿನ ಅತ್ತೆ, "ಫೋಟೋಗೆ ಮೀಸೆ ತೆಗೆಸಿ ಅಳಿಯಂದ್ರೇ, ದೊಡ್ಡ ಆಫೀಸರ್ ಥರ ಕಾಣ್ತೀರಿ," ಅಂದಾಗ ಹೋಗಲೇಬೇಕಾಯಿತು.

ಕುರ್ಚಿಯಲ್ಲಿ ಕೂತ. ಕತ್ತರಿ ಸೋಪು ಹಚ್ಚುತ್ತಾ ಕೇಳಿದ: "ಏನಯ್ಯಾ, ಆಕಾಶ ಹೇಗಿದೆ? ನಿನ್ನೆ ಎಷ್ಟು ಲೋಟ ಹಾಕಿತು?"

"ಹದಿಮೂರು ಮಿಲಿಮೀಟರ್."

"ನಮ್ಮ ಹಲ್ಲಿನ ಡಾಕ್ಟರ ಬಿಲ್ ನೋಡಿ ಬಾಯಿ ಒಣಗೋದಕ್ಕೂ ಆಕಾಶಾನೇ ಕಾರಣವಂತೆ. ಪಾಪ, ಆಕಾಶಕ್ಕೆ ಬಾಯಿಲ್ಲ, ಯಾರು ಏನಂದ್ರೂ ಅನ್ನಿಸಿಕೊಳ್ಳುತ್ತೆ. ಅಲುಗಾಡಬೇಡ."

ಬಲಗಡೆಯ ಮೀಸೆ ಹೋಯಿತು. ಕೇಳಿಸಿತಾ? ಬಲಗಡೆಯದು. ಕತ್ತಿ ಎಡಕ್ಕೆ ಹೊರಳಬೇಕು, ಅಷ್ಟರಲ್ಲಿ ಒಬ್ಬ ಬಣ್ಣದ ಡಬ್ಬಿ ಹಿಡಿದು ಬಂದು, ಕನ್ನಡಿಯ ಪಕ್ಕದಲ್ಲೇ, ಕಾಂಡದ ಮೇಲೆ ಕೆಂಪಗೆ ಒಂದು ದೊಡ್ಡ ಅಡ್ಡಗೀಟು ಎಳೆದ.

"ಏನಪ್ಪಾ ಇದು?" ಅಂದ ಕತ್ತರಿ.

"ಕಡಿಯೋದು. ನಾಡಿದ್ದು. ಮರ ನೀರು ಕುಡಿಯುತ್ತಂತೆ." ಬಣ್ಣದವನು ಸೋಪಿನ ಮುಖದತ್ತ ಬ್ರಷ್ ತೋರಿಸಿ ಹಲ್ಲು ಕಿರಿದ. "ಇವರೇ ಅಲ್ವಾ ಕಂಡುಹಿಡಿದಿದ್ದು? ನಮಸ್ಕಾರ ಸಾರ್!"

ಕತ್ತರಿ  ನಿಧಾನವಾಗಿ ಕತ್ತಿ ಒರೆಸಿ ಮಡಚಿದ. ಟವೆಲ್ಲು ಎಳೆದುಕೊಂಡ.

"ಏಳು."

"ಲೋ, ಇನ್ನರ್ಧ..."

"ಅಂಗಡಿ ಇಲ್ಲ. ಮರ ಉಳಿದ್ರೆ ಬಾ, ಇನ್ನರ್ಧ ತೆಗೀತೀನಿ."

ಆವಿ ಸಾಹೇಬ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಊರಿನ ಇನ್ನೊಬ್ಬ ಕ್ಷೌರಿಕನ ಹತ್ತಿರ ಓಡಿದ. ಅವನು ಕರವಸ್ತ್ರ ಸರಿಸಿ ನೋಡಿ, ಥಟ್ಟನೆ ಹಿಂದೆ ಸರಿದ. "ಇದು ಕತ್ತರಿಯ ಕೈ. ಒಬ್ಬರು ಅರ್ಧಕ್ಕೆ ಬಿಟ್ಟ ಮೀಸೇನ ಇನ್ನೊಬ್ಬರು ಮುಟ್ಟೋದು ನಮ್ಮಲ್ಲಿಲ್ಲ ಸ್ವಾಮಿ." ಮನೆಗೆ ಬಂದು ತಾನೇ ಬ್ಲೇಡು ಹಿಡಿದ. ಎಂದೂ ಹಿಡಿದ ಕೈಯಲ್ಲ. ಮೀಸೆ ಹಾಗೇ ಉಳಿಯಿತು, ಕೆನ್ನೆ ಕುಯ್ದುಹೋಯಿತು. ಹೆಂಡತಿ ಬ್ಲೇಡು ಕಿತ್ತುಕೊಂಡಳು.

"ಕತ್ತರಿಯವರು ಮಾಡಿದ್ದೇ ಸರಿ ರೀ. ನನ್ನ ಅಡುಗೆಮನೆ ಕಿಟಕಿಗೆ ನೆರಳು ಬರೋದು ಅದೇ ಮರದಿಂದ. ಅದು ಹೋದ ದಿನ ನಾನೂ ಅರ್ಧವೇ ಬೇಯಿಸ್ತೀನಿ, ನೋಡ್ತಿರಿ."

ಮರುದಿನ ಕರವಸ್ತ್ರ ಬಾಯಿಗೊತ್ತಿಕೊಂಡೇ ದೊಡ್ಡ ಸಾಹೇಬರ ಮುಂದೆ ನಿಂತ. "ಸಾರ್, ಆ ಮರ... ನಂಬರ್ ಸ್ವಲ್ಪ ಕಮ್ಮಿ ಇರಬಹುದೇನೋ ಅಂತ..."

"ಕಮ್ಮಿ?" ಸಾಹೇಬರು ಅವನ ಬಾಯಿಯ ಬಟ್ಟೆ ನೋಡಿ ಕರಗಿಹೋದರು. "ಅಳ್ತಾ ಇದೀರಾ? ಊರಿನ ಮೇಲೆ ಎಷ್ಟು ಪ್ರೀತಿ ನಿಮಗೆ! ಧೈರ್ಯ ತಗೊಳ್ಳಿ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳಲ್ಲ."

ಕಡಿಯುವ ದಿನ ಬಂತು. ನೆತ್ತಿ ಸುಡುವ ಬಿಸಿಲು. ಗಾಳಿ ಸತ್ತುಹೋಗಿತ್ತು. ದೊಡ್ಡ ಸಾಹೇಬರು, ಪೇಪರಿನ ಇಬ್ಬರು, ಹಲ್ಲಿನ ಡಾಕ್ಟರು, ಎಲ್ಲರೂ ಫೋಟೋಗೆಂದು ಮೊದಲು ತಾರಸಿ ಹತ್ತಿದರು. ಕೆಳಗೆ ಮರಕ್ಕೆ ಬೆನ್ನು ಕೊಟ್ಟು ಕತ್ತರಿ ತನ್ನ ಕುರ್ಚಿಯಲ್ಲಿ ತಾನೇ ಕೂತಿದ್ದ, ಏಳುವುದಿಲ್ಲವೆಂದು. ಮರ ಕಡಿಯುವವರು ಕರೆಂಟ್ ಗರಗಸ ತಂದಿದ್ದರು; ಅದರ ವೈರನ್ನು ಡಾಕ್ಟರ ಕ್ಲಿನಿಕ್ಕಿನಿಂದ ಎಳೆದಿದ್ದರು. ದೊಡ್ಡವರು ಬರುತ್ತಾರೆ, ಅವರಿಗೆ ಸೆಕೆಯಾಗಬಾರದು ಎಂದು ಅತ್ತೆ ಬೆಳಗಿನಿಂದಲೇ ಮನೆಮನೆಗೆ ಹೋಗಿ ಬೀದಿಯ ಅಷ್ಟೂ ಎಸಿ ಹಾಕಿಸಿದ್ದರು.

ತಾರಸಿಯ ಮೇಲೆ ಮೂರು ಬಟ್ಟಲುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು.

"ನೋಡಿ! ಆಕಾಶದ ಬಾಯಾರಿಕೆ!" ಸಾಹೇಬರು ಒಂದು ಕೈಯಲ್ಲಿ ಭಾಷಣದ ಹಾಳೆ, ಇನ್ನೊಂದು ಕೈಯಲ್ಲಿ ಯಂತ್ರದ ಕಂಬ ಹಿಡಿದು ಭಂಗಿ ಕೊಟ್ಟರು. ಆಮೇಲೆ ಗೋಡೆಯಾಚೆ ಬಗ್ಗಿ ಕೂಗಿದರು: "ಶುರು ಮಾಡ್ರಯ್ಯಾ! ಆ ಮನುಷ್ಯನ್ನ ಎಬ್ಬಿಸಿ!"

ಗರಗಸ ಗುರ್ ಅಂದಿತು. ಕತ್ತರಿ ಕಣ್ಣು ಮುಚ್ಚಿಕೊಂಡ. ಬೀದಿಯ ತುದಿಯ ಕರೆಂಟ್ ಕಂಬದ ಮೇಲೆ ಢಮಾರ್ ಎಂದು ಒಂದು ಸದ್ದು, ಒಂದಿಷ್ಟು ಕಿಡಿ. ಗರಗಸ ನಿಂತಿತು. ಇಡೀ ಬೀದಿಯ ಕರೆಂಟು ಹೋಯಿತು.

ತಾರಸಿಯ ಮೇಲೆ ಮೂರೂ ಡಬ್ಬಗಳು ನಿಟ್ಟುಸಿರಿಟ್ಟು ಸುಮ್ಮನಾದವು. ಬಟ್ಟಲುಗಳು ನಿಧಾನವಾದವು. ಇನ್ನೂ ನಿಧಾನವಾದವು. ನಿಂತವು.

"ಏನ್ರೀ, ಗಾಳಿ ನಿಂತುಹೋಯ್ತು?" ಅಂದರು ಸಾಹೇಬರು.

ಆವಿ ಸಾಹೇಬ ಫೋನ್ ನೋಡಿದ. ಗಾಳಿ ಸೊನ್ನೆ. ಸೆಕೆ ಸರಸರ ಇಳಿಯುತ್ತಿತ್ತು. ತಲೆಯೆತ್ತಿ ಮರ ನೋಡಿದ. ಒಂದೆಲೆಯೂ ಅಲುಗಾಡುತ್ತಿರಲಿಲ್ಲ. ಈಗ ಅಲ್ಲ, ಆಗಲೂ ಅಲುಗಾಡಿರಲಿಲ್ಲ. ಬಟ್ಟಲುಗಳು ಹುಚ್ಚೆದ್ದು ತಿರುಗುತ್ತಿದ್ದಾಗಲೂ! ಅವನ ಕಣ್ಣು ಮರದಿಂದ ಬಟ್ಟಲಿಗೆ, ಬಟ್ಟಲಿಂದ ಗಿಡ್ಡ ಗೋಡೆಗೆ ಇಳಿಯಿತು. ಅಲ್ಲಿ ಮೂರು ಡಬ್ಬಗಳು ಬಾಯಿ ಬಿಟ್ಟುಕೊಂಡು ಯಂತ್ರವನ್ನೇ ನೋಡುತ್ತಿದ್ದವು. 

ಅಷ್ಟರಲ್ಲಿ ಲೈನ್‌ಮನ್ ಕಂಬ ಹತ್ತಿ ಏನೋ ಕುಟ್ಟಿದ. ಕರೆಂಟು ಬಂತು. ಮೂರು ಡಬ್ಬಗಳೂ ಒಟ್ಟಿಗೆ ಬುಸ್ಸೆಂದು ಬಿಸಿಗಾಳಿ ಊದಿದವು. ಬಟ್ಟಲುಗಳು ಗಿರ್ರೆಂದವು. ಪ್ಲಾಸ್ಟಿಕ್ ಹುಲ್ಲಿನ ಚಾಪೆ ಎದ್ದು ಸಾಹೇಬರ ಕಾಲಿಗೆ ಸುತ್ತಿಕೊಂಡಿತು. ಅವರ ಭಾಷಣದ ಹಾಳೆ ಹಾರಿ, ತೇಲಿ, ಹೋಗಿ ಮರದ ಕೊಂಬೆಗೆ ಸಿಕ್ಕಿಕೊಂಡಿತು.

ಕೆಳಗಿನಿಂದ ಅತ್ತೆಯ ದನಿ: "ಕರೆಂಟ್ ಬಂತು ಅಳಿಯಂದ್ರೇ! ಎಸಿ ಹಾಕಿದೀನಿ! ದೊಡ್ಡೋರನ್ನ ಬೇಗ ಒಳಗೆ ಕರ್ಕೊಂಡು ಬನ್ನಿ, ಆಕಾಶ ಹೀರಿಬಿಡುತ್ತೆ!"

ಪೇಪರಿನವನು ಡಬ್ಬ ನೋಡಿದ, ಬಟ್ಟಲು ನೋಡಿದ, ಪೆನ್ನು ತೆಗೆದ. ಸಾಹೇಬರ ಮುಖ ನಕ್ಷೆಗಿಂತ ಕೆಂಪಾಯಿತು.

"ಯಾರದ್ರೀ ಈ ಎಸಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಲ್ಲಿನ ಡಾಕ್ಟರು ಹೆಗಲು ಮುಟ್ಟಿಕೊಳ್ಳುತ್ತಲೇ ಮೆಟ್ಟಿಲಿಳಿದು ಮಾಯವಾದರು. ಆವಿ ಸಾಹೇಬ ಒಬ್ಬನೇ ಉಳಿದ. ಯಂತ್ರ ಕೆಟ್ಟಿದೆ ಅನ್ನಬಹುದಿತ್ತು. ಆಕಾಶ ಮನಸ್ಸು ಬದಲಾಯಿಸಿತು ಅಂದಿದ್ದರೂ ಸಾಹೇಬರು ಒಪ್ಪುವ ಪೈಕಿಯೇ. ಕೆಳಗೆ ಕತ್ತರಿ ಕಣ್ಣು ಬಿಟ್ಟು ಮೇಲೆ ನೋಡುತ್ತಿದ್ದ. ಗರಗಸ ಮತ್ತೆ ಗುರ್ ಅನ್ನುತ್ತಿತ್ತು. ಇವನು ಬಾಯಿಂದ ಕರವಸ್ತ್ರ ತೆಗೆದ. ಎಲ್ಲರೂ ಅರ್ಧ ಮೀಸೆ ನೋಡಿದರು.

"ನಿಲ್ಲಿಸ್ರೋ ಗರಗಸ!" ಎಂದು ಕಿರುಚಿದ. ಆಮೇಲೆ ತಿರುಗಿ, "ನಮ್ಮದೇ ಸಾರ್ ಎಸಿ. ಆಕಾಶಕ್ಕೇನೂ ಆಗಿಲ್ಲ. ನಮ್ಮ ಅತ್ತೆಗೆ ಸೆಕೆ."

ಮೆಟ್ಟಿಲ ಮೇಲಿದ್ದ ಬೀದಿಯವರು ನಕ್ಕ ನಗುವಿಗೆ ಬಟ್ಟಲು ಇನ್ನೊಂದು ಸುತ್ತು ಹೆಚ್ಚಾಗಿ ತಿರುಗಿರಬೇಕು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ. ಸಾಹೇಬರು ಕಾಲಿನಿಂದ ಚಾಪೆ ಕೊಡವಿಕೊಂಡು ಪೇಪರಿನವರಿಗೆ ಹೇಳಿದರು: "ಬರ್ಕೊಳ್ಳಿ. ಯಂತ್ರ ಇಡೋ ಜಾಗ ತಪ್ಪಾದ್ರೆ ಎಂಥ ಅನಾಹುತ ಆಗುತ್ತೆ ಅಂತ ಜನಕ್ಕೆ ತೋರಿಸೋಕೆ ಇಲಾಖೆ ನಡೆಸಿದ ಪ್ರಾತ್ಯಕ್ಷಿಕೆ ಇದು." ಅವರ ಮೀಸೆ ಉಳಿಯಿತು. ಇವನಿಗೆ ಮಣ್ಣಾಗಲು ಇದ್ದದ್ದೇ ಅರ್ಧ, ಅದು ಪೂರ್ತಿ ಮಣ್ಣಾಯಿತು. ಕಿಟಕಿಯಿಲ್ಲದ ಕೋಣೆಗೆ, ಕುಂಟು ಮೇಜಿಗೆ ವಾಪಸ್.

ಯಂತ್ರ ಊರಾಚೆಯ ಆಟದ ಬಯಲಿಗೆ ಹೋಯಿತು. ನಿಜವಾದ ಹುಲ್ಲು, ಹತ್ತಿರದಲ್ಲಿ ಒಂದು ಗೋಡೆಯೂ ಇಲ್ಲ. ಲೆಕ್ಕ ಐದಕ್ಕೆ ಬಂದು ನಿಂತಿತು. ನಕ್ಷೆಯ ಕೆಂಪು ಇಳಿದು ಮೊದಲಿದ್ದ ಬಣ್ಣಕ್ಕೆ ಬಂತು. ಪೂರ್ತಿ ನೀಲಿಯಲ್ಲ, ಹಾಗಂತ ಕುಡಿಯಲು ಕೊರತೆಯೂ ಇಲ್ಲ. ಅತ್ತೆಗೆ ಮೊದಲು ನಿರಾಸೆಯಾಯಿತು. "ಬರೀ ಐದೇನಾ?" ಆಮೇಲೆ ಫೋನ್ ಎತ್ತಿಕೊಂಡರು. "ಕೇಳಿದ್ಯೇನಪ್ಪಾ? ಹದಿಮೂರಿಗೆ ಏರಿತ್ತಂತೆ ಆಕಾಶ. ನಮ್ಮ ಅಳಿಯ ಒಬ್ಬರೇ ನಿಂತು ಐದಕ್ಕೆ ಇಳಿಸಿದ್ರು. ನಿನ್ನ ಲಿಫ್ಟ್ ಇಳಿಯುತ್ತಾ ಅಷ್ಟು?"

ಕತ್ತರಿ ಆ ಕೆಂಪು ಗೀಟಿನ ಮೇಲೇ ಹೊಸ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ. ಆವಿ ಸಾಹೇಬ ಬಂದು, ದೂರದಲ್ಲೇ ನಿಂತು ಕೆಮ್ಮಿದ.

"ಬಾರಯ್ಯಾ ವಿಜ್ಞಾನಿ," ಅಂದ ಕತ್ತರಿ. ಟವೆಲ್ಲು ಕೊಡವಿದ. ಕೂರಿಸಿ, ಗದ್ದ ಹಿಡಿದು ಎತ್ತಿ, ಈ ಕಡೆ ಆ ಕಡೆ ತಿರುಗಿಸಿ ನೋಡಿದ. "ಬಲಗಡೆ ಒಂದೆರಡು ಮಿಲಿಮೀಟರ್ ಬೆಳೆದಿದೆ. ಸದ್ಯ, ಈ ಲೆಕ್ಕಕ್ಕೆ ಯಂತ್ರ ಬೇಕಿಲ್ಲ. ಏನು ಮಾಡ್ಲಿ ಹೇಳು, ಇದು ಅದರಷ್ಟಾಗೋ ತನಕ ಕಾಯ್ತೀಯೋ, ಅದನ್ನ ಇದರಷ್ಟು ಮಾಡ್ಲೋ?"

"ನಿನಗೆ ಹೇಗೆ ಕಾಣುತ್ತೋ ಹಾಗೆ."

"ಕಣ್ಣಿಂದ ನೋಡಿ ಹೇಳ್ಬೇಕಾ, ಸೂತ್ರ ಹಾಕಿ ಹೇಳ್ಬೇಕಾ?"

ಆವಿ ಸಾಹೇಬ ನಗಲು ಹೋದ. "ಅಲುಗಾಡಬೇಡ," ಅಂದ ಕತ್ತರಿ, ಮತ್ತು ಉಳಿದದ್ದನ್ನು ತೆಗೆದ.

ಆಯಿತು, ಇಷ್ಟೇ. ಬೆರಳು ಬಿಡುತ್ತೇನೆ. ಇದನ್ನು ನಿಮ್ಮ ಅಣ್ಣತಮ್ಮಂದಿರಿಗೆ, ಬೀಗರಿಗೆ, ತಾರಸಿಯಲ್ಲಿ ಎಸಿ ಡಬ್ಬ ಇಟ್ಟವರಿಗೆ, ಮುಖ್ಯವಾಗಿ ಎಡ ಬಲ ತಿಳಿಯದ ಆ ಕಿಸಿಕಿಸಿಯವರಿಗೆ ತಪ್ಪದೇ ಕಳಿಸಿ. ಆದರೆ ಕಳಿಸಿದರೆ ಪೂರ್ತಿ ಕಳಿಸಿ. ಅರ್ಧಕ್ಕೆ ನಿಲ್ಲಿಸಿ ಕಳಿಸಿದಿರೋ, ಕೇಳಿದವನು ಕರವಸ್ತ್ರ ಹಿಡಿದುಕೊಂಡು ಉಳಿದರ್ಧ ಹುಡುಕುತ್ತಾ ಊರೂರು ತಿರುಗಬೇಕಾಗುತ್ತದೆ.